ಭಾನುವಾರದ ಮಾರನೇ ದಿನ

ಜನವರಿ 3, ಶನಿವಾರ

ದಿನಾ ಒಂದು ಪುಟ ಬರೆಯಬೇಕಂತೆ. ಆಸ್ಪತ್ರೆಯಲ್ಲಿ ಮಾತು ಕಲಿಸುವ ಹುಡುಗಿಯ ಅಪ್ಪಣೆ. ನನಗೆ ಮಾತು ಕಲಿಸುತ್ತಾಳಂತೆ! ನನ್ನ ಬಾಯಿಗೆ ಹೆದರಿ ಈ ಬೀದಿಯ ಕೋಳಿಗಳೂ ನಮ್ಮ ಜಗುಲಿ ಹತ್ತುತ್ತಿರಲಿಲ್ಲ. ಈಗ ಮೊನ್ನೆ ಹುಟ್ಟಿದ ಹುಡುಗಿ ಬಾಚಣಿಗೆಯ ಚಿತ್ರ ಹಿಡಿದು "ಇದೇನು ಅಜ್ಜಿ? ಬಾ... ಬಾಚ..." ಅನ್ನುತ್ತಾಳೆ. ನನಗೆ ಗೊತ್ತಿಲ್ಲವೇ? ಗೊತ್ತಿದೆ. ಬಾಯಿಗೆ ಬರುವ ಹೊತ್ತಿಗೆ ಅದು ಬಾಗಿಲಾಗಿರುತ್ತದೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಐದಕ್ಕೆ ನಮ್ಮಪ್ಪ ಎಮ್ಮೆಯ ಹಿಂದೆ ಸೇರಿಸಿದ. ಆದರೂ ಬರೆಯುವಾಗ ಪದ ಅಷ್ಟು ತಪ್ಪುವುದಿಲ್ಲ. ಕೈಗೆ ಬಾಯಿಯಷ್ಟು ಅವಸರವಿಲ್ಲ, ಅದಕ್ಕಿರಬೇಕು.

ಬಿದ್ದದ್ದನ್ನು ಬರೆದುಬಿಡುತ್ತೇನೆ, ಮತ್ತೆ ಮತ್ತೆ ಬರೆಯುವ ಗೋಳು ಬೇಡ. ಮೊಮ್ಮಗಳು ಧನುಶ್ರೀಗೆ ಜ್ವರ ಬಿಟ್ಟರೆ ಬರುತ್ತೇನೆ ಅಂತ ಗಂಜಾಮಿನ ನಿಮಿಷಾಂಬಗೆ ಹೇಳಿಕೊಂಡಿದ್ದೆ. ಜ್ವರ ಬಿಟ್ಟಿತು. ಹೋಗಿ ಕೈ ಮುಗಿದು ಯಜಮಾನನ ಟಿವಿಎಸ್ ಮೇಲೆ ವಾಪಸು ಬರುತ್ತಿದ್ದೆವು. ಪಾಂಡವಪುರದ ಈಚೆ ಈ ಮನುಷ್ಯ ಯಾರದೋ ಗದ್ದೆಯ ಕಡೆ ಕತ್ತು ತಿರುಗಿಸಿ, "ಏನ್ ಕಬ್ಬು ಬೆಳೆದವ್ನಮ್ಮಿ ಬಡ್ಡಿಮಗ!" ಅಂದ. ಮುಂದೆ ಹಂಪು ಇತ್ತು. ಅವನು ಕಬ್ಬು ನೋಡುತ್ತಲೇ ಹಂಪು ಹಾರಿಸಿದ. ನಾನು ಹಿಂದಕ್ಕೆ ರಸ್ತೆಯ ಮೇಲೆ. ಒಂದು ನಿಮಿಷದಲ್ಲಿ ವರ ಕೊಡುವ ತಾಯಿ ನನಗೂ ಒಂದೇ ನಿಮಿಷದಲ್ಲಿ ಕೊಟ್ಟಳು.

ತಲೆಯೊಳಗೆ ರಕ್ತ ಹೆಪ್ಪುಗಟ್ಟಿತ್ತಂತೆ. ಕೂದಲು ಬೋಳಿಸಿ, ಕೊಯ್ದು ತೆಗೆದರು. ತಿರುಪತಿಗೆ ಹೋಗದೆಯೇ ಗುಂಡು ಆಯಿತು.

ಪುಟ ತುಂಬಿತು. ಸಾಕು.

ಜನವರಿ 5, ಭಾನುವಾರದ ಮಾರನೇ ದಿನ

ಈ ವಾರದ ಹೆಸರನ್ನು ನಾನು ಬರೆಯುವುದಿಲ್ಲ. ಇದಕ್ಕೂ ನನ್ನ ಗಂಡನಿಗೂ ಒಂದೇ ಹೆಸರು. ಈ ಮನೆಗೆ ಬಂದ ಮೇಲೆ ನಾನು ಇದನ್ನು ಕರೆದದ್ದೆಲ್ಲ ಭಾನುವಾರದ ಮಾರನೇ ದಿನ ಅಂತಲೇ. ಗಂಡನ ಹೆಸರು ಹೆಂಡತಿಯ ಬಾಯಲ್ಲಿ ಬಂದರೆ ಅವನ ಆಯಸ್ಸು ಕಡಿಮೆ ಅಂತ ನಮ್ಮವ್ವ ಹೇಳಿ ಕಳಿಸಿದ್ದಳು. ಈ ಮನುಷ್ಯನ ಆಯಸ್ಸು ಕಡಿಮೆಯಾಗಲಿ ಅಂತ ಎಷ್ಟೋ ಸಲ ಅನ್ನಿಸಿದೆ. ಆದರೂ ಹೇಳಿಲ್ಲ.

ಇದರಿಂದಲೇ ನನ್ನ ಬಾಳು ಕೆಟ್ಟದ್ದು. ಆಸ್ಪತ್ರೆಯಿಂದ ಮನೆಗೆ ಕಳಿಸುವ ದಿನ ಡಾಕ್ಟರ್ ರಘುನಂದನ್ ಬಂದು ಎದುರು ಕೂತ. ಮೈಸೂರಿನ ಕಡೆಯ ಹುಡುಗ, ಮೀಸೆ ಇನ್ನೂ ಸರಿಯಾಗಿ ಬಂದಿಲ್ಲ.

"ಪುಟ್ಟಲಕ್ಷ್ಮಮ್ಮ, ನಿಮ್ಮ ಯಜಮಾನರ ಹೆಸರು ಹೇಳಿ."

ಬಾಗಿಲ ಹತ್ತಿರ ನಿಂತಿದ್ದವನ ಕಡೆ ಗಲ್ಲ ಎತ್ತಿ ತೋರಿಸಿದೆ.

"ತೋರಿಸಬೇಡಿ, ಬಾಯಲ್ಲಿ ಹೇಳಿ."

ಮತ್ತೆ ಗಲ್ಲವನ್ನೇ ಎತ್ತಿದೆ. ಸರಿ, ವಾರಗಳನ್ನು ಹೇಳಿ ಅಂದ. ಭಾನುವಾರ, ಮಂಗಳವಾರ, ಬುಧವಾರ ಅಂತ ಶನಿವಾರದ ತನಕ ಹೇಳಿದೆ. ಒಂದು ಬಿಟ್ಟಿರಿ ಅಂದ. ಮತ್ತೆ ಹೇಳಿದೆ, ಮತ್ತೆ ಬಿಟ್ಟೆ. ಹೇಳಬಾರದು ಅಂತ ತಿಳಿಸೋಣವೆಂದು ಬಾಯಿ ತೆಗೆದರೆ "ತೊಳೆಯಬಾರದು" ಅಂತ ಬಂತು. ಡಾಕ್ಟರು ಅದನ್ನೂ ಬರೆದುಕೊಂಡ.

ಆಗ ನಮ್ಮವನು ಬಾಗಿಲ ಚೌಕಟ್ಟು ಹಿಡಿದುಕೊಂಡು, "ನನ್ನೇ ಮರ್ತ್‌ಬುಟ್ಟವ್ಳಲ್ಲಾ ಸಾರ್" ಅಂತ ಗೊಳೋ ಅಂದ. ನನಗೆ ಎದ್ದು ಎರಡು ಬಿಡುವಷ್ಟು ಕೋಪ. ಇಷ್ಟು ವರ್ಷ ಸಂಸಾರ ಮಾಡಿದವನಿಗೆ, ಹೆಂಡತಿ ಒಂದು ದಿನವೂ ತನ್ನ ಹೆಸರು ಹಿಡಿದಿಲ್ಲ ಎನ್ನುವುದೇ ಗೊತ್ತಿಲ್ಲ! ಓಟಿನವರು ಬಂದರೂ ರೇಷನ್ ಕಾರ್ಡಿನವರು ಬಂದರೂ ತಾನೇ ಮುಂದೆ ಬಿದ್ದು ಹೆಸರು ಹೇಳುತ್ತಿದ್ದ. ಅವನಿಗೆ ಹೇಗೆ ಗೊತ್ತಾಗಬೇಕು?

ಡಾಕ್ಟರು ಹೇಳಿ ಕಳಿಸಿದ್ದು ಇದು: ಮತ್ತೆ ಬಂದು ತೋರಿಸುವ ತನಕ ಒಲೆ ಹಚ್ಚಕೂಡದು, ಒಬ್ಬಳೇ ರಸ್ತೆಗೆ ಹೋಗಕೂಡದು, ಮಗುವನ್ನು ನನ್ನ ಕೈಗೆ ಬಿಡಕೂಡದು. ಧನುವನ್ನು ಅಂಗನವಾಡಿಗೆ ಬಿಟ್ಟು ಬರುತ್ತಿದ್ದವಳು ನಾನು. ಅದಿರುವುದು ದೊಡ್ಡ ರಸ್ತೆಯ ಆಚೆ, ಕಬ್ಬಿನ ಲಾರಿಗಳು ಓಡಾಡುವ ಕಡೆ. ದಾಟುವಾಗ ಅವಳ ಕೈ ನನ್ನ ಅಂಗೈಯಲ್ಲಿ ಬೆಂದ ಗೆಣಸಿನ ಹಾಗೆ ಬೆಚ್ಚಗೆ ಇರುತ್ತಿತ್ತು.

ನಾನೇ ಈಗ ಎಲ್ಲವನ್ನೂ ಬಿಡಿಸಿ ಹೇಳಬಹುದು. ಹೇಳುವುದಿಲ್ಲ. ಯಜಮಾನನಿಗೇ ತಿಳಿಯಲಿ.

ಜನವರಿ 8, ಗುರುವಾರ

ನಾಗಮಂಗಲದವಳು ಒಲೆಯ ಲೈಟರ್ ಬಚ್ಚಿಟ್ಟಿದ್ದಾಳೆ. ನಾಗಮಂಗಲದವಳು ಅಂದರೆ ನನ್ನ ಸೊಸೆ, ಮಗ ಪುಟ್ಟರಾಜನ ಹೆಂಡತಿ. ಗಾರ್ಮೆಂಟ್ಸಿಗೆ ಹೋಗುತ್ತಿದ್ದವಳು ನನ್ನನ್ನೂ ಮಗುವನ್ನೂ ಕಾಯಲು ರಜೆ ಹಾಕಿ ಕೂತಿದ್ದಾಳೆ. ಮಗ ರೈಸ್ ಮಿಲ್ಲಿಗೆ ಹೋದ ಮೇಲೆ ನಾವಿಬ್ಬರೇ. ಅವಳ ಕಣ್ಣು ನನ್ನ ಬೆನ್ನಿಗೇ ಅಂಟಿರುತ್ತದೆ.

ನಿನ್ನೆ ಅವಳು ಬಟ್ಟೆ ಒಗೆಯುವಾಗ ನಾನು ಹಾಲು ಕಾಯಲು ಇಟ್ಟೆ. ಇಟ್ಟದ್ದು ನೆನಪಿದೆ. ಆಮೇಲೆ ಹಿತ್ತಲಲ್ಲಿ ಕರಿಬೇವಿನ ಗಿಡದ ಮುಂದೆ ನಿಂತಿದ್ದೆ. ಯಾಕೆ ನಿಂತಿದ್ದೆನೋ ತಿಳಿಯದು. ಒಳಗಿಂದ ಸೀದ ವಾಸನೆ, ಅವಳ ಕೂಗು. ಪಾತ್ರೆಯ ತಳ ಕರಿಬಂಡೆ.

"ಅತ್ತೆ, ಮಗು ಒಳ್ಗೇ ಮಲ್ಗಿತ್ತು ಕಣತ್ತೆ," ಅಂದಳು. ಅಷ್ಟೇ. ಬೈದಿದ್ದರೆ ನಾನೂ ಬೈಯಬಹುದಿತ್ತು. ಅದಕ್ಕೂ ಅವಳು ದಾರಿ ಕೊಡಲಿಲ್ಲ, ಕಿಲಾಡಿ.

ಧನುವನ್ನು ಅವಳೇ ಅಂಗನವಾಡಿಗೆ ಕರೆದೊಯ್ಯುತ್ತಾಳೆ. ಇವತ್ತು ಮಗು ನನ್ನ ಸೀರೆ ಹಿಡಿದು, "ಅಜ್ಜಿ ಬರ್ಲಿ" ಅಂತ ಹಟ ಮಾಡಿತು. ತಾತ ಬರುತ್ತಾನೆ ಅಂದರೆ ಇನ್ನೂ ಜೋರಾಗಿ ಅತ್ತಿತು. ಅಳದೆ ಏನು? ಹೆಂಡತಿಯನ್ನೇ ರಸ್ತೆಯಲ್ಲಿ ಉದುರಿಸಿ ಬಂದವನು.

ಅವನು ಆ ಟಿವಿಎಸ್ಸನ್ನು ದನದ ಕೊಟ್ಟಿಗೆಯಲ್ಲಿ ನಿಲ್ಲಿಸಿ ಗೋಣಿಚೀಲ ಹೊದಿಸಿದ್ದಾನೆ. ಡೇರಿಗೆ ಹಾಲಿನ ಕ್ಯಾನು ಹೊತ್ತು ನಡೆದೇ ಹೋಗುತ್ತಾನೆ. ಹೋಗಲಿ. ನಡೆಯಲಿ.

ಜನವರಿ 11, ಭಾನುವಾರ

ತಲೆ. ಬರೆಯಲಾರೆ.

ಜನವರಿ 15, ಗುರುವಾರ, ಸಂಕ್ರಾಂತಿ

ಎದುರುಮನೆ ಅಣ್ಣಮ್ಮ ಹೊಸ ಸೀರೆಯುಟ್ಟು ಎಳ್ಳು ಬೀರಲು ಬಂದಳು. ಜೊತೆಗೆ ಬೀದಿಯ ಹೆಂಗಸರು. ಬೋಳುತಲೆಗೆ ಸೆರಗು ಹೊದ್ದು ಜಗುಲಿಯಲ್ಲಿ ಕೂತಿದ್ದೆ. ನಾನೂ ತಟ್ಟೆ ಮುಂದೆ ಹಿಡಿದೆ. ಎಳ್ಳು ತಗೋ ಅನ್ನಬೇಕಿತ್ತು.

"ಮುಳ್ಳು ತಗೋ" ಅಂದೆ.

ಅಣ್ಣಮ್ಮ, "ಇಷ್ಟು ದಿನ ಕೊಟ್ಟಿದ್ದೂ ಅದ್ನೇ ಬುಡವ್ವ, ಈಗ ಬಾಯ್ಬುಟ್ಟು ನಿಜ ಯೋಳ್ತಾವ್ಳೆ!" ಅಂದಳು. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಧನುವೂ ನಕ್ಕಿತು. ಅರ್ಥವಾಗಿ ಅಲ್ಲ, ಎಲ್ಲರೂ ನಕ್ಕರು ಅಂತ.

ಮೊದಲಾಗಿದ್ದರೆ ಅಣ್ಣಮ್ಮ ಆ ಹೊಸ ಸೀರೆಯಲ್ಲಿ ಮುಖ ಮುಚ್ಚಿಕೊಂಡು ಮನೆಗೆ ಹೋಗುವ ಹಾಗೆ ಉತ್ತರ ಕೊಡುತ್ತಿದ್ದೆ. ಉತ್ತರ ಬಂತು. ಒಳ್ಳೆಯ ಉತ್ತರವೇ. ಅವಳು ಮನೆ ಸೇರಿ ಕದ ಹಾಕಿಕೊಂಡ ಮೇಲೆ ಬಂತು.

ಸಂಜೆ ದನಗಳನ್ನು ಕಿಚ್ಚು ಹಾಯಿಸಲು ಹೊಡೆದುಕೊಂಡು ಹೋದರು. ನಾನು ನೋಡಲು ಹೋಗಲಿಲ್ಲ. ಜನ ಕೂಗಿದ್ದಕ್ಕೇ ಎದೆ ಡವಡವ ಹೊಡೆದುಕೊಂಡು ಗೋಡೆ ಹಿಡಿದು ಕೂತೆ. ಇದೊಂದು ಹೊಸದು. ಪಾತ್ರೆ ಬಿದ್ದರೂ ಹೀಗೆ. ಲಾರಿ ಹಾರನ್ನು ಕೇಳಿದರೂ ಹೀಗೆ. ಸೊಸೆ ನೀರು ತಂದು ಪಕ್ಕದಲ್ಲಿ ಇಟ್ಟು ಹೋದಳು.

ಜನವರಿ 19, ಭಾನುವಾರದ ಮಾರನೇ ದಿನ

ಬೆಳಗಾದರೆ ಸಾಕು, ಪೀಡೆ ಮುಂದೆ ಬಂದು ಕುಕ್ಕರಗಾಲಲ್ಲಿ ಕೂರುತ್ತದೆ. ಮನೆಗೆ ಬಂದಾಗಿನಿಂದ ಇದೇ ಆಗಿದೆ.

"ನಾನ್ಯಾರು ಯೋಳಮ್ಮಿ, ನೋಡಾನ."

"ಶನಿ."

"ಅಂಗಲ್ಲ ಕಣಮ್ಮಿ. ಎಸ್ರು, ಎಸ್ರು ಯೋಳು."

"ಶನೀಶ್ವರ."

ಮುಖ ಸಪ್ಪಗೆ ಮಾಡಿಕೊಂಡು ಎದ್ದು ಹಾಲಿನ ಕ್ಯಾನು ತೆಗೆದುಕೊಳ್ಳುತ್ತಾನೆ. ಬಾಗಿಲಲ್ಲಿ ಸೊಸೆಗೆ "ಇವತ್ತೂ ಬರ್ನಿಲ್ಲ ಕಣವ್ವ" ಅನ್ನುತ್ತಾನೆ, ಬಸ್ಸು ಬರಲಿಲ್ಲ ಅನ್ನುವ ಹಾಗೆ.

ಇವತ್ತು ಅವನು ಹೋದ ಮೇಲೆ ಸುಮ್ಮನೆ ಮನಸ್ಸಿನಲ್ಲೇ ಹೇಳಿಕೊಳ್ಳೋಣ ಅನ್ನಿಸಿತು. ಮನಸ್ಸಿನಲ್ಲಿ ಹೇಳಿದರೆ ಆಯಸ್ಸಿಗೇನೂ ಆಗದು. ಹುಡುಕಿದೆ.

ಇರಲಿಲ್ಲ.

ತಮಾಷೆ ಅಂದುಕೊಂಡೆ. ಮತ್ತೆ ಹುಡುಕಿದೆ. ನಾನು ಅದನ್ನು ಹೇಳಿದ್ದು ಒಂದೇ ಸಲ, ಶಾಸ್ತ್ರಕ್ಕೆ. ಮದುವೆಯಾಗಿ ಈ ಮನೆಯ ಹೊಸಿಲಿಗೆ ಬಂದಾಗ ನಾದಿನಿ ಬಾಗಿಲಿಗೆ ಕೈ ಅಡ್ಡ ಹಿಡಿದು, "ನಮ್ಮಣ್ಣನ ಎಸ್ರು ಯೋಳು, ಒಳೀಕ್ ಬುಡ್ತೀನಿ" ಅಂದಿದ್ದಳು. ಆ ದಿನವನ್ನು ತಂದುಕೊಂಡೆ. ನಾದಿನಿಯ ಕೈಯ ಹಸಿರು ಬಳೆ ಬಂತು. ಹೊಸಿಲ ಮೇಲಿನ ಸೇರಕ್ಕಿ ಬಂತು. ನನ್ನ ಕಾಲಿಗೆ ಚುಚ್ಚುತ್ತಿದ್ದ ಹೊಸ ಕಾಲುಂಗುರ ಬಂತು. ತಲೆ ತಗ್ಗಿಸಿ ನಾನು ಏನೋ ಹೇಳಿದೆ, ಎಲ್ಲರೂ ಹೋ ಅಂದರು. ಏನು ಹೇಳಿದೆ? ಅದೊಂದು ಜಾಗದಲ್ಲಿ ಇಲಿ ಕಡಿದ ಹಾಗೆ ತೂತು.

ಯಾರಾದರೂ ಆಡಿದರೆ ಕಿವಿಗೆ ಬೀಳುತ್ತದೆ, ಹೌದಲ್ಲ, ಇದೇ ಅನ್ನಿಸುತ್ತದೆ. ಅವರು ಬಾಯಿ ಮುಚ್ಚಿದರೆ ಇಲ್ಲ. ಗೋಡೆಯ ಮೇಲೆ ಕ್ಯಾಲೆಂಡರ್ ಇದೆ. ನೋಡುವುದಿಲ್ಲ. ಅಲ್ಲಿಂದ ಎತ್ತಿಕೊಂಡರೆ ಅದು ಕ್ಯಾಲೆಂಡರಿನದು, ನನ್ನದಲ್ಲ.

ಅಂದರೆ ಆವತ್ತು ಆಸ್ಪತ್ರೆಯಲ್ಲಿ ನಾನು ಹೇಳದೆ ಬಿಟ್ಟದ್ದೋ, ಅದು ಇಲ್ಲದೆ ಬಿಟ್ಟದ್ದೋ?

ಜನವರಿ 23, ಶುಕ್ರವಾರ

ಇಲ್ಲ.

ಜನವರಿ 27, ಮಂಗಳವಾರ

ಸೊಸೆ ಸ್ನಾನಕ್ಕೆ ಹೋದಾಗ ಚಪ್ಪಲಿ ಮೆಟ್ಟಿ ಹೊರಟೆ. ಧನುವನ್ನು ಕರೆದುಕೊಳ್ಳಲಿಲ್ಲ, ಅಷ್ಟು ಬುದ್ಧಿ ಇನ್ನೂ ಉಳಿದಿದೆ. ದೊಡ್ಡ ರಸ್ತೆ ಒಂದು ಸಲ ದಾಟಿ, ಅಂಗನವಾಡಿಯ ಗೇಟು ಮುಟ್ಟಿ ವಾಪಸು ಬರುವುದು. ನಾನು ಸರಿಯಾಗಿದ್ದೇನೆ ಅಂತ ನನಗೇ ಹೇಳಿಕೊಳ್ಳಲು.

ರಸ್ತೆಯ ಅಂಚಿನ ತನಕ ಚೆನ್ನಾಗಿಯೇ ಹೋದೆ. ಕಬ್ಬಿನ ಲಾರಿಯೊಂದು ಹಾರನ್ನು ಬಾರಿಸುತ್ತಾ ಬಂತು. ಅದು ಹೋಯಿತು, ಹಿಂದೆ ಟ್ರಾಕ್ಟರು, ಅದೂ ಹೋಯಿತು. ರಸ್ತೆ ಖಾಲಿ. ಕಾಲು ಎತ್ತಲಿಲ್ಲ. ರಸ್ತೆ ಖಾಲಿ ಇದೆ ಕಣೇ ಪುಟ್ಟಿ, ನಡಿ ಅಂತ ಬೈದುಕೊಂಡೆ. ಮತ್ತೆ ಲಾರಿ ಬಂತು. ನನಗೆ ನನ್ನ ತಲೆ ಡಾಂಬರಿಗೆ ಬಡಿದ ಸದ್ದು ಕೇಳಿಸಿತು. ಬಿದ್ದ ದಿನ ಕೇಳಿಸಿರಲಿಲ್ಲ ಅದು. ಇವತ್ತು ಕೇಳಿಸಿತು.

ಎಷ್ಟು ಹೊತ್ತು ನಿಂತೆನೋ. ಯಾರೋ ತೋಳು ಹಿಡಿದರು. ಸೊಸೆ, ಒದ್ದೆ ತಲೆಗೆ ಟವಲು ಸುತ್ತಿಕೊಂಡು, ಬರಿಗಾಲಲ್ಲಿ, ಧನುವನ್ನು ಸೊಂಟದ ಮೇಲೆ ಎತ್ತಿಕೊಂಡು.

"ಏನತ್ತೆ, ಸೊಪ್ಪು ತರಕ್ ಬಂದ್ರಾ?" ಅಂತ ಜೋರಾಗಿ ಕೇಳಿದಳು. ಅಣ್ಣಮ್ಮ ಅವಳ ಜಗುಲಿಯಿಂದ ಕತ್ತು ಉದ್ದ ಮಾಡಿ ನೋಡುತ್ತಿದ್ದಳು. ಅವಳಿಗೆ ಕೇಳಲಿ ಅಂತ ಆ ಮಾತು.

"ಉಂಕಣವ್ವ," ಅಂದೆ.

"ಸೊಪ್ಪಿನೋಳು ಬಂದಿಲ್ಲ ಇವತ್ತು. ನಡೀರಿ."

ಸಂಜೆ ಮಗ ಬಂದಾಗ ಹೇಳುತ್ತಾಳೆ ಅಂತ ಕಾದೆ. ಸೊಸೆ ಪವಿತ್ರ ಸಾರು ಬಡಿಸಿದಳು, ಉಪ್ಪಿನಕಾಯಿ ಹಾಕಿದಳು, ಗಾರ್ಮೆಂಟ್ಸಿನವರು ಇನ್ನು ಹೆಚ್ಚು ದಿನ ರಜೆ ಕೊಡುವುದಿಲ್ಲ ಅಂತ ಫೋನು ಮಾಡಿದ್ದರು ಅಂದಳು. ರಸ್ತೆಯ ವಿಷಯ ಎತ್ತಲಿಲ್ಲ.

ನಾನೂ ಎತ್ತಲಿಲ್ಲ. ಮುದ್ದೆ ಗಂಟಾಗಿತ್ತು. ಅವಳಿಗೆ ಹಿಟ್ಟು ತಿರುವಲು ಬರುವುದಿಲ್ಲ. ಅದನ್ನೂ ಎತ್ತಲಿಲ್ಲ.

ಫೆಬ್ರವರಿ 9, ಭಾನುವಾರದ ಮಾರನೇ ದಿನ

ಆಸ್ಪತ್ರೆಗೆ ಹೋಗಿ ಬಂದೆವು. ಪವಿತ್ರ, ನಾನು, ಯಜಮಾನ. ಬಸ್ಸಿನಲ್ಲಿ ಅವನು ಮುಂದೆ ಸೀಟು ಸಿಕ್ಕಿದರೂ ಕೂರದೆ ನನ್ನ ಸೀಟಿನ ಕಂಬಿ ಹಿಡಿದು ನಿಂತಿದ್ದ. ಹಂಪು ಬಂದಾಗಲೆಲ್ಲ "ಮೆಲ್ಲುಕ್ ಓಗ್ಲಾ" ಅಂತ ಡ್ರೈವರಿಗೆ ಕೂಗುತ್ತಿದ್ದ. ಈ ಬುದ್ಧಿ ಆವತ್ತು ಎಲ್ಲಿ ಹೋಗಿತ್ತು?

ರಘುನಂದನ್ ಡಾಕ್ಟರು ಗಾಯ ನೋಡಿದ. ಬೆರಳು ಆಡಿಸಿ ಕಣ್ಣು ನೋಡಿದ. ಚಿತ್ರ ತೋರಿಸಿದ. ಬಾಚಣಿಗೆ, ಬಾಗಿಲು, ಬಕೆಟ್ಟು, ಎಲ್ಲವನ್ನೂ ಹೇಳಿದೆ. ಆಮೇಲೆ ಅಂದ, "ವಾರಗಳು?"

"ಭಾನುವಾರ," ಅಂದೆ.

ಎದುರಿಗೆ ಅವನ ಪೆನ್ನು. ಪಕ್ಕದಲ್ಲಿ ಪವಿತ್ರ. ಇವತ್ತು ಅದು ಬಾಯಿಗೆ ಬಂದರೆ ಹೇಳಿಯೇಬಿಡುತ್ತೇನೆ, ಆಯಸ್ಸು ಹಾಳಾಗಲಿ, ಮಗುವಿನ ಕೈ ಮುಖ್ಯ ಅಂತ ನಿರ್ಧಾರ ಮಾಡಿಕೊಂಡೇ ಹೋಗಿದ್ದೆ. ಬಾಯಿ ತೆರೆದೆ. ತೆರೆದೇ ಇತ್ತು.

"ಮಂಗಳವಾರ," ಅಂದೆ ಕೊನೆಗೆ.

ಡಾಕ್ಟರು ಪೆನ್ನು ಊರಿದ. ಅಷ್ಟರಲ್ಲಿ ಪವಿತ್ರ, "ಸಾರ್, ಸಾರ್! ನಿಂತ್ಕಳಿ. ಅವ್ರು ಅದುನ್ನ ಯೋಳಾಕಿಲ್ಲ. ಅದು ನಮ್ ಮಾವನ ಎಸ್ರು!" ಅಂದಳು. "ನಮ್ಮಜ್ಜಿ ಗಂಡನ ಎಸ್ರು ಚಂದ್ರಪ್ಪ ಅಂತ. ಉಣ್ಣಿಮೆ ದಿನ ನಮ್ಗೆ ತುತ್ತು ತಿನ್ನುಸ್ವಾಗ ಆಕಾಶ ತೋರ್ಸಿ 'ಅಗೋ ನಿಮ್ ತಾತ ಬಂದ' ಅಂತಿತ್ತು ಕಣಿ ಸಾರ್."

ಡಾಕ್ಟರು ಕಾಗದ ತಿರುವಿ ಗಂಡನ ಹೆಸರು ಬರೆದಿದ್ದ ಜಾಗ ನೋಡಿದ. ಮತ್ತೆ ನನ್ನ ಮುಖ ನೋಡಿದ. ಬಿದ್ದು ಬಿದ್ದು ನಕ್ಕ. ಸಾರಿ ಅಮ್ಮಾ, ಸಾರಿ ಅಮ್ಮಾ ಅಂತ ಕೈ ಮುಗಿದ. ಎಲ್ಲ ಚೆನ್ನಾಗಿದೆ, ಮೊದಲಿನ ಹಾಗೆ ಇರಬಹುದು, ಮೊಮ್ಮಗಳನ್ನು ಅಂಗನವಾಡಿಗೆ ಕರೆದುಕೊಂಡು ಹೋಗಿ ಅಂದ.

ನಮ್ಮವನು ಮಾತ್ರ ಬಾಯಿ ಬಿಟ್ಟುಕೊಂಡು ನಿಂತಿದ್ದ. ಬಸ್ ಸ್ಟ್ಯಾಂಡಿಗೆ ಬಂದ ಮೇಲೆ, "ಒಂದ್ ದಿನಾನೂ ಕರ್ದಿಲ್ವಾ ನನ್ನ?" ಅಂತ ಕೇಳಿದ.

"ಕರೆಯುವಂಥದ್ದು ಏನು ಮಾಡಿದ್ದೆ ನೀನು?" ಅಂದೆ.

ಊರಿಗೆ ಬಂದು ಬೀದಿಯಲ್ಲೆಲ್ಲ ಹೇಳಿದ. ಮರೆತಿರಲಿಲ್ಲ ಕಣ್ರಲಾ, ಮರ್ವಾದೆ, ಮರ್ವಾದೆ! ಅಂತ. ಪ್ರಶಸ್ತಿ ಬಂದವನ ಹಾಗೆ. ಅಣ್ಣಮ್ಮನೂ ಬಂದಳು. ಎಲ್ಲರೂ ನಗುತ್ತಿದ್ದರು. ಪವಿತ್ರ ಧನುವಿನ ಕಿವಿಯಲ್ಲಿ ಏನೋ ಉಸುರಿದಳು. ಮಗು ಓಡಿಹೋಗಿ ಹೊಸಿಲ ಮೇಲೆ ನಿಂತು ಎರಡೂ ಕೈ ಅಡ್ಡ ಚಾಚಿತು.

"ತಾತನ ಎಸ್ರು ಯೋಳಜ್ಜಿ! ಒಳೀಕ್ ಬುಡ್ತೀನಿ!"

ಅದೇ ಬಾಗಿಲು. ನಾನು ತಲೆ ತಗ್ಗಿಸಿದೆ. ನೋಡು, ನೋಡು, ಈ ವಯಸ್ಸಲ್ಲೂ ನಾಚ್ಕೆ! ಅಂದರು ಯಾರೋ. ಹೋ ಅಂತ ನಕ್ಕರು. ನಾನು ಆ ತೂತಿನಲ್ಲಿ ಕೈ ಹಾಕಿ ತಡಕುತ್ತಿದ್ದೆ. ಏನೂ ಇರಲಿಲ್ಲ. ಧನುವಿನ ಕೈಯನ್ನು ಸರಿಸಿ ಒಳಗೆ ಬಂದೆ.

ಫೆಬ್ರವರಿ 10, ಮಂಗಳವಾರ

ಪವಿತ್ರ ಅವರೆಕಾಯಿ ಸುಲಿಯುತ್ತಿದ್ದಳು. ನಾನೂ ಮೊರದ ಹತ್ತಿರ ಕೂತೆ.

"ನಾಳಿಂದ ಕೆಲ್ಸುಕ್ ಬತ್ತೀನಿ ಅಂದಿವ್ನಿ ಕಣತ್ತೆ. ಮಗೀನ ನೀವೇ ಬುಟ್ಬುಟ್ಟು ಬನ್ನಿ."

ಇದೇ ಮಾತಿಗಾಗಿ ನಾನು ಇಷ್ಟು ದಿನ ಹಲ್ಲು ಕಚ್ಚಿ ಕೂತಿದ್ದೆ.

"ಬ್ಯಾಡ," ಅಂದೆ.

"ಯಾಕತ್ತೆ?"

"ನೆನ್ನೆ ಯೋಳ್ದೆ ಇದ್ದುದ್ದು ಮರ್ವಾದೆಗಲ್ಲ ಕಣವ್ವ. ಯೋಳಾನ ಅಂತ್ಲೇ ಬಾಯ್ಬುಟ್ಟೆ. ಬಾಯೊಳ್ಗೆ ಇರ್ನಿಲ್ಲ ಅದು. ನಾಳೆ ರಸ್ತೆ ನಡುವ್ನಲ್ಲಿ ಮಗೀನ ಕೈ ಇಡ್ಕೊಂಡಿವ್ನಿ ಅನ್ನೋದೂ ಇಂಗೇ ಓಗ್ಬುಟ್ರೆ?"

ಅವಳು ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಮಾವನ್ಗೆ ಯೋಳಿದ್ದೀರಾ?"

"ಅವ್ನಿಗೇನಾರ ಯೋಳುದ್ರೆ ನಿನ್ ನಾಲ್ಗೆ ಕಿತ್ತು ಕಾಗೆಗಾಕ್ತೀನಿ."

"ಬೈಗುಳ ಇಷ್ಟು ಬತ್ತದಲ್ಲ, ಇನ್ನೇನ್ ಬುಡಿ," ಅಂದಳು. ಇನ್ನೊಂದು ಕಾಯಿ ಸುಲಿದು, "ಮಾವನೂ ಬರ್ಲಿ. ಮಗೀನ ಕೈ ನೀವು ಇಡ್ಕಳಿ, ನಿಮ್ ಕೈ ಅವ್ರು ಇಡ್ಕೊಳ್ಳಿ."

"ಥೂ! ಬೀದೀಲಿ ಗಂಡನ ಕೈ ಇಡ್ಕೊಂಡು ಓಗಾಕೆ ನಾನೇನ್ ಸಿನಿಮಾದೋಳಾ?"

"ಅಂಗಾರೆ ಸೆರಗು ಇಡ್ಕೊಳ್ಳಿ."

ಬೀದಿಯವರು ನಕ್ಕು ಸಾಯಲಿ. ಸರಿ ಅಂದೆ.

ಫೆಬ್ರವರಿ 13, ಶುಕ್ರವಾರ

ಮೂವರೂ ಹೋಗಿ ಬರುತ್ತಿದ್ದೇವೆ. ಲಾರಿ ಬಂದರೆ ಮಗುವಿನ ಕೈಯನ್ನು ಬಿಗಿಯಾಗಿ ಹಿಡಿಯುತ್ತೇನೆ. ಧನು, "ನಾನಿದ್ದೀನಲ್ಲಜ್ಜಿ" ಅನ್ನುತ್ತದೆ. ಹಿಂದಿನವನು ಸೆರಗನ್ನು ಎತ್ತಿನ ಹಗ್ಗದ ಹಾಗೆ ಕೈಗೆ ಸುತ್ತಿಕೊಂಡಿರುತ್ತಾನೆ. ಆಸ್ಪತ್ರೆಯಿಂದ ಬಂದ ಮೇಲೆ ಬೆಳಗ್ಗೆ ಕುಕ್ಕರಗಾಲಲ್ಲಿ ಕೂರುವುದನ್ನು ಬಿಟ್ಟಿದ್ದಾನೆ. ಕಾಟ ತಪ್ಪಿತು. ಬೆಳಗ್ಗೆ ಹೊತ್ತು ಹೋಗುವುದೇ ಇಲ್ಲ.

ಫೆಬ್ರವರಿ 16, ಸೋಮವಾರ

ಬಂತು.

ಪವಿತ್ರ ಲೈಟರ್ ನನ್ನ ಕೈಗೆ ಕೊಟ್ಟು ಕೆಲಸಕ್ಕೆ ಹೊರಡುವ ಮುಂಚೆ ತಲೆ ಬಾಚುತ್ತಾ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು. ನಾನು ಹಿಟ್ಟು ತಿರುವುತ್ತಿದ್ದೆ. ಗಂಟು ಒಡೆಯಲು ಕೋಲು ಒತ್ತಿ ಸುತ್ತಿದಾಗ, ಹುಡುಕದೆ, ಕೇಳದೆ, ತಾನಾಗಿ ಬಂತು. ಅಲ್ಲಾಡದೆ ನಿಂತೆ, ಎಲ್ಲಿ ಓಡಿಹೋಗುತ್ತದೋ ಅಂತ. ಹೋಗಲಿಲ್ಲ. ಇಳಿಸಿದ ಮೇಲೂ ಇತ್ತು. ಮುದ್ದೆ ಕಟ್ಟಿದ ಮೇಲೂ ಇತ್ತು. ಮೇಲೆ ಬರೆದಿದ್ದೇನೆ. ಕ್ಯಾಲೆಂಡರ್ ನೋಡಿ ಬರೆದದ್ದಲ್ಲ. ಬರೆದರೆ ಆಯಸ್ಸಿಗೆ ಏನೂ ಆಗುವುದಿಲ್ಲ ಅಂತ ಅಂದುಕೊಂಡಿದ್ದೇನೆ. ನಮ್ಮವ್ವ ಬರೆಯುವುದರ ವಿಷಯ ಹೇಳಿರಲಿಲ್ಲ, ಅವಳಿಗೆ ಬರೆಯಲು ಬರುತ್ತಿರಲಿಲ್ಲ.

ಯಜಮಾನನಿಗೆ ತಟ್ಟೆ ಇಟ್ಟು ಅವನ ಎದುರಿಗೇ ಕೂತೆ. ಬಾಯಿ ತುಂಬ ಇಟ್ಟುಕೊಂಡು ಕೂತೆ. ಹೇಳುತ್ತಿದ್ದೆನೋ, ಶನೀಶ್ವರ ಅನ್ನುತ್ತಿದ್ದೆನೋ, ಅದು ಬೇರೆ ಮಾತು.

ಅವನು ಮುದ್ದೆ ಮುರಿದ. ಸಾರಿಗೆ ಅದ್ದಿ ನುಂಗಿದ. ನನ್ನ ಮುಖ ನೋಡಿದ.

"ಉಪ್ಪು ಒಸಿ ಕಮ್ಮಿ ಕಣಮ್ಮಿ," ಅಂದ.

ಕೈ ತೊಳೆದು, ಧನುವಿನ ಚೀಲವನ್ನು ಹೆಗಲಿಗೆ ಹಾಕಿಕೊಂಡು, ಸೆರಗಿಗಾಗಿ ಕೈ ಚಾಚಿ ಬಾಗಿಲಲ್ಲಿ ನಿಂತ. ಅಷ್ಟು ದಿನ ಬೆಳಗೆದ್ದು ನಾನ್ಯಾರು ಅಂತ ನನ್ನ ಪ್ರಾಣ ಹಿಂಡಿದವನು, ಇವತ್ತೂ ಕೇಳಲಿಲ್ಲ.